ಹಳೆ ಥಿಯೇಟರ್ ಹುಡುಕೋಕೆ ಸಿನಿಮಾ ಟ್ರೆಷರ್ಸ್: ಹೆಸರು ನಂಬಬೇಡಿ, ವಿಳಾಸ ಹಿಡಿಯಿರಿ

ಒಂದು ಊರಲ್ಲಿ ಹಿಂದೆ ಯಾವ್ಯಾವ ಥಿಯೇಟರ್ ಇದ್ದವು, ಎಲ್ಲೆಲ್ಲಿದ್ದವು, ಈಗ ಆ ಜಾಗದಲ್ಲಿ ಏನಿದೆ ಅಂತ ತಿಳಿಯಬೇಕು ಅನ್ನೋರಿಗೆ ನಾನು ಮೊದಲು ಹೇಳೋ ಹೆಸರು ಸಿನಿಮಾ ಟ್ರೆಷರ್ಸ್ ಅನ್ನೋ ವೆಬ್‌ಸೈಟ್. ತುಂಬಾ ಕಾಲದಿಂದ ಬಳಸುತ್ತಿದ್ದೇನೆ, ಇಷ್ಟಪಟ್ಟೇ ಬಳಸುತ್ತಿದ್ದೇನೆ. ಆದರೆ ಹೇಗೆ ಬಳಸಬೇಕು ಅನ್ನೋದು ಮುಖ್ಯ. ಥಿಯೇಟರ್ ಹೆಸರು ಟೈಪ್ ಮಾಡಿ, ಬಂದ ಪುಟವನ್ನು ಓದಿ ಮುಚ್ಚಿಬಿಟ್ಟರೆ ಅರ್ಧ ಕಥೆಯೂ ಸಿಗುವುದಿಲ್ಲ.

ಇದು 2000ದಲ್ಲಿ ಶುರುವಾಯಿತು. ಶುರು ಮಾಡಿದವರು ಪ್ಯಾಟ್ರಿಕ್ ಕ್ರೌಲಿ ಮತ್ತು ರಾಸ್ ಮೆಲ್ನಿಕ್. ಈಗ ಜಗತ್ತಿನ 50,000ಕ್ಕೂ ಹೆಚ್ಚು ಚಿತ್ರಮಂದಿರಗಳು ಇದರಲ್ಲಿವೆ. ನೋಡೋಕೆ ದುಡ್ಡು ಕೊಡಬೇಕಿಲ್ಲ. ದೇಶ, ಊರು ಆರಿಸಿಕೊಂಡರೆ ಅಲ್ಲಿನ ಪಟ್ಟಿ ಬರುತ್ತದೆ. ನಡೆಯುತ್ತಿರುವವು, ಮುಚ್ಚಿದವು, ಕೆಡವಿದವು ಅಂತ ಬೇರೆ ಬೇರೆ ಮಾಡಿಯೂ ನೋಡಬಹುದು. ಒಂದೊಂದು ಥಿಯೇಟರಿಗೆ ಒಂದೊಂದು ಪುಟ. ವಿಳಾಸ, ಎಷ್ಟು ಪರದೆ, ಎಷ್ಟು ಸೀಟು, ಕಟ್ಟಡದ ನಕ್ಷೆ ಯಾರದ್ದು, ಯಾವ ಶೈಲಿ, ಹಿಂದೆ ಯಾವ ಹೆಸರುಗಳಿದ್ದವು, ಕಟ್ಟಡ ಈಗ ಏನಾಗಿದೆ, ಹತ್ತಿರದಲ್ಲಿ ಬೇರೆ ಯಾವ ಥಿಯೇಟರ್ ಇದ್ದವು, ಎಲ್ಲಾ ಒಂದೇ ಕಡೆ. ಕೆಳಗೆ ಫೋಟೋ, ಜನ ಬರೆದ ನೆನಪು.

ಇಷ್ಟರಲ್ಲಿ ನಾನು ಮೊದಲು ನೋಡೋದು ವಿಳಾಸ, ಆಮೇಲೆ ಹಳೆ ಹೆಸರುಗಳು. ಯಾಕೆ ಅಂದರೆ ಥಿಯೇಟರುಗಳ ಹೆಸರು ಒಂದು ಕಡೆ ನಿಲ್ಲುವುದೇ ಇಲ್ಲ. ಮಾಲೀಕ ಬದಲಾದ, ಹೆಸರು ಬದಲಾಯಿತು. ಒಂದು ಥಿಯೇಟರ್ ಚೆನ್ನಾಗಿ ಓಡಿತು, ಅದೇ ಹೆಸರು ಇನ್ನೊಂದು ಬೀದಿಯಲ್ಲೂ ಬಂತು. ನ್ಯೂಯಾರ್ಕಿನ ರಾಕ್ಸಿಯನ್ನೇ ತೆಗೆದುಕೊಳ್ಳಿ. ಸುಮಾರು 5,900 ಸೀಟಿನ ಆ ಭಾರಿ ಥಿಯೇಟರ್ 1927ರಲ್ಲಿ ತೆರೆಯಿತು. ಅದನ್ನು ನಡೆಸಿದ ಎಸ್. ಎಲ್. ರಾಥಾಫೆಲ್ ಅವರನ್ನು ಎಲ್ಲರೂ ರಾಕ್ಸಿ ಅಂತಲೇ ಕರೆಯುತ್ತಿದ್ದರು. 1932ರ ಡಿಸೆಂಬರಿನಲ್ಲಿ, ಅದಕ್ಕೆ ತೀರಾ ಹತ್ತಿರದಲ್ಲೇ, ರಾಕ್‌ಫೆಲರ್ ಸೆಂಟರಿನಲ್ಲಿ ಆರ್‌ಕೆಓ ರಾಕ್ಸಿ ಅಂತ ಇನ್ನೊಂದು ತೆರೆಯಿತು. ಹೆಸರಿನ ಜಗಳ ಕೋರ್ಟಿಗೆ ಹೋಗಿ, ಹೊಸದಕ್ಕೆ ಸೆಂಟರ್ ಥಿಯೇಟರ್ ಅಂತ ಹೆಸರಿಡಬೇಕಾಯಿತು. ಅದನ್ನು 1954ರಲ್ಲಿ ಕೆಡವಿದರು, ಹಳೆ ರಾಕ್ಸಿಯನ್ನು 1960ರಲ್ಲಿ. ಈಗ ಯಾರಾದರೂ ಹಳೆ ಪತ್ರಿಕೆಯ ತುಣುಕಿನಲ್ಲಿ ರಾಕ್ಸಿ ಅನ್ನೋ ಹೆಸರು ಮಾತ್ರ ನೋಡಿ ಹುಡುಕಲು ಹೊರಟರೆ ಯಾವ ಕಟ್ಟಡಕ್ಕೆ ಯಾವ ಇಸವಿ ಸೇರಿಸುತ್ತಾರೋ ಹೇಳೋಕಾಗಲ್ಲ. ಬೀದಿಯ ಹೆಸರು ಜೊತೆಗಿದ್ದರೆ ಗೊಂದಲವೇ ಇಲ್ಲ.

ವಿಳಾಸವನ್ನೂ ಕಣ್ಣುಮುಚ್ಚಿ ನಂಬೋ ಹಾಗಿಲ್ಲ. ಶಿಕಾಗೋದಲ್ಲಿ 1909ರಲ್ಲಿ ಮನೆ ನಂಬರುಗಳನ್ನೆಲ್ಲ ಹೊಸದಾಗಿ ಹಾಕಿದರು, ಊರ ನಡುವಿನ ಲೂಪ್ ಭಾಗಕ್ಕೆ 1911ರಲ್ಲಿ. ನಿಕೆಲೋಡಿಯನ್ ಅನ್ನೋ ಸಣ್ಣ ಸಣ್ಣ ಅಗ್ಗದ ಸಿನಿಮಾ ಮಂದಿರಗಳು ಬೀದಿಗೊಂದರಂತೆ ಹುಟ್ಟಿದ ಕಾಲವೂ ಸರಿಯಾಗಿ ಅದೇ. ಹಾಗಾಗಿ 1908ರ ಜಾಹೀರಾತಿನ ನಂಬರನ್ನು ಇವತ್ತಿನ ಮ್ಯಾಪಿನಲ್ಲಿ ಹಾಕಿದರೆ ಸಂಬಂಧವೇ ಇಲ್ಲದ ಕಡೆ ತೋರಿಸುತ್ತದೆ. ಹಳೆ ನಂಬರಿಗೆ ಹೊಸ ನಂಬರು ಯಾವುದು ಅಂತ ಮೊದಲು ನೋಡಿಕೊಳ್ಳಬೇಕು.

ಕಟ್ಟಡವೇ ಜಾಗ ಬದಲಿಸಿದ್ದೂ ಇದೆ, ನಂಬುತ್ತೀರಾ? ನ್ಯೂಯಾರ್ಕಿನ 42ನೇ ಬೀದಿಯಲ್ಲಿ 1912ರಲ್ಲಿ ಎಲ್ಟಿಂಜ್ ಅನ್ನೋ ರಂಗಮಂದಿರ ಕಟ್ಟಿದರು. ಆಗಿನ ದೊಡ್ಡ ನಟ ಜೂಲಿಯನ್ ಎಲ್ಟಿಂಜ್ ಅವರ ಹೆಸರನ್ನೇ ಅದಕ್ಕೆ ಇಟ್ಟಿದ್ದರು. ಮುಂದೆ ಅದು ಸಿನಿಮಾ ಥಿಯೇಟರ್ ಆಯಿತು, ಕೊನೆಗೆ ಎಂಪೈರ್ ಅನ್ನೋ ಹೆಸರು ಬಂತು. 1998ರಲ್ಲಿ ಇಡೀ ಕಟ್ಟಡವನ್ನು ಹಳಿಗಳ ಮೇಲೆ ಕೂರಿಸಿ ಸುಮಾರು 170 ಅಡಿ ಪಶ್ಚಿಮಕ್ಕೆ ತಳ್ಳಿದರು. ಆ ದಿನ ಆಬಟ್ ಮತ್ತು ಕಾಸ್ಟೆಲೋ ಅನ್ನೋ ಹಾಸ್ಯನಟರ ಜೋಡಿಯ ಭಾರಿ ಬಲೂನುಗಳನ್ನು ಮುಂದೆ ಕಟ್ಟಿ, ಅವರೇ ಎಳೆಯುತ್ತಿದ್ದಾರೆ ಅನ್ನೋ ಹಾಗೆ ಮಾಡಿದ್ದರು. ಈಗ ಅದು ಒಂದು ಮಲ್ಟಿಪ್ಲೆಕ್ಸಿನ ಲಾಬಿ. ಟಿಕೆಟ್ ಹಿಡಿದು ಒಳಗೆ ಹೋಗುವವರು ತಲೆ ಎತ್ತಿದರೆ ಹಳೆ ಥಿಯೇಟರಿನ ಚಾವಣಿ ಕಾಣುತ್ತದೆ.

ಇನ್ನು 'ಕೆಡವಲಾಗಿದೆ' ಅನ್ನೋ ಗುರುತಿನ ವಿಷಯ. ಪಟ್ಟಿಯಲ್ಲಿ ಅದನ್ನು ನೋಡಿ ಸುಮ್ನೆ ಮುಂದೆ ಹೋಗಬೇಡಿ. ರಾಕ್ಸಿಯ ಸಭಾಂಗಣ ಹೋಗಿದೆ, ನಿಜ. ಆದರೆ ಅದರ ಮುಖ್ಯ ಬಾಗಿಲು ಇದ್ದದ್ದು ಪಕ್ಕದ ಟಾಫ್ಟ್ ಹೋಟೆಲಿನ ಮೂಲೆಯಲ್ಲಿ, ಮತ್ತು ಆ ಹೋಟೆಲ್ ಕಟ್ಟಡ ಇವತ್ತಿಗೂ ನಿಂತಿದೆ. ದೊಡ್ಡ ಥಿಯೇಟರುಗಳಲ್ಲಿ ಇದು ಮಾಮೂಲಿ: ಬಾಡಿಗೆ ದುಬಾರಿ ಇರೋ ಮುಖ್ಯ ರಸ್ತೆಗೆ ಕಿರಿದಾದ ಬಾಗಿಲು, ಸಭಾಂಗಣ ಹಿಂದಿನ ಅಗ್ಗದ ಜಾಗದಲ್ಲಿ. ಒಂದನ್ನು ಕೆಡವಿದರೂ ಇನ್ನೊಂದು ಉಳಿದಿರುತ್ತದೆ.

ಡೆಟ್ರಾಯಿಟಿನ ಮಿಚಿಗನ್ ಥಿಯೇಟರ್ ಅದಕ್ಕಿಂತ ವಿಚಿತ್ರ. 1926ರಲ್ಲಿ ತೆರೆದ, ಸುಮಾರು 4,000 ಸೀಟಿನ ಥಿಯೇಟರ್, 1976ರಲ್ಲಿ ಮುಚ್ಚಿತು. ಅಂಟಿಕೊಂಡೇ ಇದ್ದ ಆಫೀಸ್ ಕಟ್ಟಡದಲ್ಲಿ ಕೆಲಸ ಮಾಡುವವರಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಥಿಯೇಟರನ್ನು ಪೂರ್ತಿ ಕೆಡವಿದರೆ ಆಫೀಸ್ ಕಟ್ಟಡಕ್ಕೇ ಅಪಾಯ ಅಂತ ಗೊತ್ತಾಗಿ, ಒಳಗಿನದನ್ನು ಮಾತ್ರ ಕಿತ್ತು ಅಂತಸ್ತು ಅಂತಸ್ತಾಗಿ ಪಾರ್ಕಿಂಗ್ ಕಟ್ಟಿದರು. ಫೋಟೋಗಳನ್ನು ದೊಡ್ಡದು ಮಾಡಿ ನೋಡಿ. ಸಾಲಾಗಿ ಕಾರುಗಳು, ಕಾಂಕ್ರೀಟ್ ನೆಲ, ನೆಲದ ಮೇಲೆ ಎಣ್ಣೆ ಕಲೆ. ಮೇಲೆ ನೋಡಿದರೆ ಬಣ್ಣ ಮಾಸಿದ, ಅಲ್ಲಲ್ಲಿ ಉದುರಿದ ಗಾರೆ ಕೆತ್ತನೆಯ ಚಾವಣಿ. ವೇದಿಕೆಯ ಕಮಾನು ಹಾಗೇ ಇದೆ, ಅದರಲ್ಲಿ ಹರಿದ ಪರದೆಯ ತುಂಡುಗಳು ನೇತಾಡುತ್ತಿವೆ. ಇನ್ನೊಂದು ವಿಷಯ, ಹೆನ್ರಿ ಫೋರ್ಡ್ 1896ರಲ್ಲಿ ತಮ್ಮ ಮೊದಲ ಕಾರನ್ನು ಮಾಡಿದ ಪುಟ್ಟ ಶೆಡ್ ಇದ್ದದ್ದು ಇದೇ ಜಾಗದಲ್ಲಿ. ವಿಳಾಸ ಹಿಡಿದು ಹೋದರೆ ಇಂಥವೆಲ್ಲ ತಾವಾಗೇ ಸಿಗುತ್ತವೆ ಅಲ್ವಾ.

ಕಟ್ಟಡ ಈಗ ಏನಾಗಿದೆ ಅಂತ ಹೇಳುವ ಭಾಗ ನನಗೆ ಬಹಳ ಇಷ್ಟ, ಯಾಕಂದರೆ ಅದರಲ್ಲಿ ಕಾನೂನು, ದುಡ್ಡು, ಜನರ ಅಭ್ಯಾಸ ಎಲ್ಲಾ ಕಾಣುತ್ತವೆ. ಬ್ರಿಟನ್ನಿನ ಪುಟಗಳಲ್ಲಿ 'ಬಿಂಗೋ ಹಾಲ್' ಅಂತ ಮತ್ತೆ ಮತ್ತೆ ಬರುತ್ತದೆ. ಅಲ್ಲಿ 1960ರ ಕಾಯ್ದೆ ಬಿಂಗೋ ಅನ್ನೋ ನಂಬರ್ ಜೂಜಾಟದ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟಿತು, ಅದೇ ಹೊತ್ತಿಗೆ ಟಿವಿಯಿಂದ ಥಿಯೇಟರುಗಳು ಖಾಲಿಯಾಗುತ್ತಿದ್ದವು. ದೊಡ್ಡ ಹಾಲ್, ಸಾವಿರಾರು ಕುರ್ಚಿ, ಎಲ್ಲಾ ಸಿದ್ಧವಾಗಿತ್ತು. ಲಂಡನ್ನಿನ ಟೂಟಿಂಗ್ ಗ್ರಾನಡಾ 1931ರಲ್ಲಿ ತೆರೆದ, ಒಳಗೆಲ್ಲ ಹಳೆ ಚರ್ಚಿನ ಶೈಲಿಯ ಅಲಂಕಾರ ಇರೋ ಥಿಯೇಟರ್; 1976ರಲ್ಲಿ ಬಿಂಗೋ ಹಾಲ್ ಆಯಿತು, 2000ದಲ್ಲಿ ಅತ್ಯುನ್ನತ ದರ್ಜೆಯ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿತು. ನನ್ನ ಪ್ರಕಾರ ಬಿಂಗೋ ಆಡಿದವರೇ ಅದನ್ನು ಉಳಿಸಿದರು. ಬೀಗ ಹಾಕಿಟ್ಟ ಕಟ್ಟಡಕ್ಕಿಂತ ಬಳಕೆಯಲ್ಲಿರೋ ಕಟ್ಟಡ ಜಾಸ್ತಿ ಕಾಲ ಬಾಳುತ್ತದೆ. ನ್ಯೂಯಾರ್ಕಿನ 175ನೇ ಬೀದಿಯ ಲೋಸ್ ಥಿಯೇಟರನ್ನು 1969ರಲ್ಲಿ ಒಂದು ಚರ್ಚ್ ಕೊಂಡಿತು. ಬ್ಯೂನಸ್ ಐರಿಸ್‌ನ ಗ್ರ್ಯಾಂಡ್ ಸ್ಪ್ಲೆಂಡಿಡ್ 2000ದಿಂದ ಪುಸ್ತಕದಂಗಡಿ. ವೇದಿಕೆಯ ಮೇಲೆ ಕಾಫಿ ಕುಡಿಯಬಹುದು, ಬಾಲ್ಕನಿಗಳ ತುಂಬಾ ಪುಸ್ತಕ. ಲಾಸ್ ಏಂಜಲಿಸ್‌ನ 1927ರ ಟವರ್ ಥಿಯೇಟರ್ 2021ರಲ್ಲಿ ಆ್ಯಪಲ್ ಅಂಗಡಿಯಾಯಿತು. ಬ್ರೂಕ್ಲಿನ್‌ನ ಕಿಂಗ್ಸ್ ಥಿಯೇಟರ್ 1977ರಲ್ಲಿ ಮುಚ್ಚಿ, 2015ರಲ್ಲಿ ಮತ್ತೆ ಬಾಗಿಲು ತೆರೆಯಿತು.

ಕೊರತೆಗಳೂ ಇವೆ. ಮಾಹಿತಿ ತುಂಬುವವರು ಆಸಕ್ತ ಜನರೇ ಆದ್ದರಿಂದ ಆಸಕ್ತರು ಎಲ್ಲಿ ಜಾಸ್ತಿ ಇದ್ದಾರೋ ಆ ಕಡೆ ಪುಟಗಳು ತುಂಬಿಕೊಂಡಿವೆ. ಅಮೆರಿಕ, ಬ್ರಿಟನ್ ಚೆನ್ನಾಗಿವೆ, ಉಳಿದ ಬಹಳಷ್ಟು ದೇಶಗಳು ತೆಳು. ಸೀಟಿನ ಲೆಕ್ಕವನ್ನಂತೂ ಅಂದಾಜು ಅಂತಲೇ ತಿಳಿಯಬೇಕು. ತೆರೆದ ದಿನ ಮಾಲೀಕ ಪತ್ರಿಕೆಗೆ ಕೊಟ್ಟ ಸಂಖ್ಯೆ ಒಂದಾದರೆ, ಮುಂದೆ ದೊಡ್ಡ ಪರದೆ ಹಾಕುವಾಗ ಅಕ್ಕಪಕ್ಕದ ಸೀಟು ತೆಗೆದ ಮೇಲಿನ ಸಂಖ್ಯೆ ಇನ್ನೊಂದು. ಜನ ಬರೆದ ನೆನಪುಗಳು ಬಂಗಾರ, ಅದರಲ್ಲಿ ಎರಡು ಮಾತಿಲ್ಲ. ಪ್ರೊಜೆಕ್ಟರ್ ನಡೆಸಿದವರು, ಟಿಕೆಟ್ ಹರಿದವರು, ಬಾಲ್ಕನಿಗೆ ಯಾವ ಮೆಟ್ಟಿಲಲ್ಲಿ ಹೋಗಬೇಕಿತ್ತು ಅಂತ ಇನ್ನೂ ನೆನಪಿರೋರು ಬರೆದಿರುತ್ತಾರೆ. ಒಳಾಂಗಣದ ವಿವರಕ್ಕೆ ಅವರನ್ನು ನಂಬಿ. ಇಸವಿಗೆ ಮಾತ್ರ ಬೇರೆ ಕಡೆ ನೋಡಿ.

ಬೇರೆ ಕಡೆ ಅಂದರೆ ಎಲ್ಲಿ? ಅಮೆರಿಕದ ಊರಾದರೆ ಸ್ಯಾನ್‌ಬಾರ್ನ್ ನಕ್ಷೆಗಳು. 1867ರಲ್ಲಿ ಶುರುವಾದ ಇವು ಬೆಂಕಿ ವಿಮೆಯವರಿಗಾಗಿ ಮಾಡಿದ ನಕ್ಷೆಗಳು. ಇಟ್ಟಿಗೆ ಕಟ್ಟಡಕ್ಕೆ ಗುಲಾಬಿ ಬಣ್ಣ, ಮರದ್ದಕ್ಕೆ ಹಳದಿ. ಹಳೆ ನೈಟ್ರೇಟ್ ಫಿಲ್ಮಿಗೆ ಬೆಂಕಿ ಹತ್ತಿದರೆ ನೀರು ಹಾಕಿದರೂ ಆರುವುದಿಲ್ಲ, ಹಾಗಾಗಿ ಸಿನಿಮಾ ತೋರಿಸೋ ಕಟ್ಟಡ ಯಾವುದು ಅನ್ನೋದು ವಿಮೆಯವರಿಗೆ ಬೇಕೇ ಬೇಕಿತ್ತು. ನಕ್ಷೆಯಲ್ಲಿ ಅದನ್ನು ಬರೆದೇ ಇರುತ್ತಾರೆ. ಲೈಬ್ರರಿ ಆಫ್ ಕಾಂಗ್ರೆಸ್ ಇಂಥ ಬಹಳಷ್ಟು ಹಾಳೆಗಳನ್ನು ಉಚಿತವಾಗಿ ನೋಡಲು ಇಟ್ಟಿದೆ. ಊರೂರಿನ ಥಿಯೇಟರ್ ಪಟ್ಟಿಗೆ ಹಳೆ ಫಿಲ್ಮ್ ಡೈಲಿ ಇಯರ್ ಬುಕ್‌ಗಳಿವೆ, ಅವು ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಅನ್ನೋ ಆನ್‌ಲೈನ್ ಸಂಗ್ರಹದಲ್ಲಿ ಸಿಗುತ್ತವೆ. ಬ್ರಿಟನ್ನಿಗೆ 1967ರಿಂದ ನಡೆಯುತ್ತಿರುವ ಸಿನಿಮಾ ಥಿಯೇಟರ್ ಅಸೋಸಿಯೇಷನ್ ಅನ್ನೋ ಆಸಕ್ತರ ಸಂಘ ಇದೆ. ಮುಚ್ಚಿದ ದಿನಕ್ಕೆ ಮಾತ್ರ ದಿನಪತ್ರಿಕೆಯ ಜಾಹೀರಾತನ್ನೇ ನೋಡಬೇಕು. ಕೊನೆ ಜಾಹೀರಾತು ಸಿಕ್ಕ ಕೂಡಲೇ ನಿಲ್ಲಿಸದೆ ಮುಂದಿನ ಕೆಲವು ತಿಂಗಳ ಪತ್ರಿಕೆಯನ್ನೂ ತಿರುವಿ ಹಾಕಿ. ರಿಪೇರಿಗೆ ಮುಚ್ಚಿ ಬೇರೆ ಹೆಸರಲ್ಲಿ ತೆರೆದಿರಬಹುದು.

ಇಷ್ಟಾದ ಮೇಲೆ, ಸಾಧ್ಯವಾದರೆ, ಆ ಬೀದಿಗೆ ಹೋಗಿ. ಮುಂಭಾಗ ನೋಡಬೇಡಿ, ಅದನ್ನು ಎಲ್ಲರೂ ಬದಲಾಯಿಸಿರುತ್ತಾರೆ. ಪಕ್ಕದ ಓಣಿಗೆ ಹೋಗಿ ಗೋಡೆ ನೋಡಿ. ಕಿಟಕಿಯೇ ಇಲ್ಲದ ಉದ್ದನೆ ಇಟ್ಟಿಗೆ ಗೋಡೆ, ಅದರಲ್ಲಿ ಹೊರಕ್ಕೆ ತೆರೆಯೋ ಎರಡು ಮೂರು ಅಗಲದ ಬಾಗಿಲು, ಹಿಂದುಗಡೆ ಚಾವಣಿಗಿಂತ ಎತ್ತರಕ್ಕೆ ಎದ್ದ ವೇದಿಕೆಯ ಭಾಗ. ಇಷ್ಟು ಕಂಡರೆ ಬಹುಮಟ್ಟಿಗೆ ಥಿಯೇಟರೇ. ಕೆಲವು ಕಡೆ ಅಂಗಡಿ ಬಾಗಿಲ ಮುಂದಿನ ನೆಲದಲ್ಲಿ ಹಳೆ ಹೆಸರು ಇನ್ನೂ ಉಳಿದಿರುತ್ತದೆ.

ಫೋಟೋ ತೆಗೆದರೆ ಸಿನಿಮಾ ಟ್ರೆಷರ್ಸ್‌ಗೆ ಹಾಕಿ, ಖಾತೆ ತೆರೆಯೋಕೆ ಜಾಸ್ತಿ ಹೊತ್ತು ಬೇಡ. ಆದರೆ ಸುಮ್ನೆ ಫೋಟೋ ಹಾಕಿ ಬಿಡಬೇಡಿ. ಯಾವ ತಿಂಗಳು, ಯಾವ ಇಸವಿ, ಯಾವ ಬೀದಿಯಲ್ಲಿ ಯಾವ ಕಡೆಗೆ ಮುಖ ಮಾಡಿ ತೆಗೆದಿದ್ದು, ಪಕ್ಕದ ಕಟ್ಟಡದ ನಂಬರ್ ಎಷ್ಟು, ಇವನ್ನೆಲ್ಲ ಜೊತೆಗೆ ಬರೆಯಿರಿ. ಪಕ್ಕದ ಕಟ್ಟಡವೂ ಚೌಕಟ್ಟಿನಲ್ಲಿ ಬರುವ ಹಾಗೆ ತೆಗೆಯಿರಿ, ಥಿಯೇಟರ್ ಹೋದ ಮೇಲೆ ಜಾಗ ಗುರುತಿಸೋಕೆ ಅದೇ ಬೇಕಾಗುತ್ತದೆ.