ಮೆಟ್ಟಿಲು ರಂಗವೋ, ಸಪಾಟು ಅಂಗಳವೋ: 300 ಜನರ ಬಯಲು ರಂಗಮಂದಿರದ ವಾಸ್ತುಶಿಲ್ಪ ಥೀಸಿಸ್‌ಗೆ ಯಾವುದು?

ಅರ್ಧವೃತ್ತದ ಮೆಟ್ಟಿಲು ರಂಗ ಶೀಟಿನ ಮೇಲೆ ಚೆನ್ನಾಗಿ ಕಾಣುತ್ತದೆ. ಜ್ಯೂರಿಯಲ್ಲಿ, ಅಂದರೆ ಪರೀಕ್ಷಕರ ಮುಂದೆ, ಸಿಕ್ಕಿಬೀಳುವುದು ಸೆಕ್ಷನ್‌ನಲ್ಲಿ (ಕಟ್ಟಡವನ್ನು ಸೀಳಿದಂತೆ ತೋರಿಸುವ ನಕ್ಷೆ). ಕೂರುವ ಮೆಟ್ಟಿಲಿಗೆ 45 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲ ಕೊಡಿ. ಅಗಲ 75ಕ್ಕೆ ಇಳಿಸಿದರೆ ಹಿಂದಿನವರ ಕಾಲು ಮುಂದಿನವರ ಬೆನ್ನಿಗೆ. ಓಡಾಟಕ್ಕೆ ಇದೇ ಮೆಟ್ಟಿಲು ಆಗದು, ನಡುವೆ 15 ಸೆಂ.ಮೀ. ಎತ್ತರದ ಬೇರೆ ಮೆಟ್ಟಿಲು ಬೇಕು. ಗಾಲಿಕುರ್ಚಿಯ ರ‍್ಯಾಂಪ್ 1:12. ಒಂದೂವರೆ ಮೀಟರ್ ಏರಲು 18 ಮೀಟರ್ ಉದ್ದ, ಜೊತೆಗೆ ಲ್ಯಾಂಡಿಂಗ್ (ನಡುವೆ ನಿಲ್ಲಲು ಸಮತಟ್ಟು ಜಾಗ). ಕೊನೆಗೆ ತುರುಕಿದ ರ‍್ಯಾಂಪ್ ತಕ್ಷಣ ಗೊತ್ತಾಗುತ್ತದೆ. ಗುಂಡಿ ತೋಡಿ ರಂಗ ಇಳಿಸಿದ್ದರೆ ಮಳೆನೀರೆಲ್ಲ ವೇದಿಕೆಗೇ ಬರುತ್ತದೆ: ವೇದಿಕೆಯ ಸುತ್ತ ಚರಂಡಿ, ನೆಲಕ್ಕೆ 1:100 ಇಳಿಜಾರು ತೋರಿಸಿ.

ಸಪಾಟು ಅಂಗಳ ಅಗ್ಗ. ಬೆಳಿಗ್ಗೆ ಸಂತೆ, ಸಂಜೆ ಯಕ್ಷಗಾನ, ಎರಡೂ ನಡೆಯುತ್ತದೆ. ತೊಂದರೆ ನೋಟದ್ದು. ನೆಲದಲ್ಲಿ ಕೂತರೆ ಮೂರ‍್ನಾಲ್ಕು ಸಾಲಿನಾಚೆ ವೇಷಧಾರಿಯ ಹೆಜ್ಜೆ ಕಾಣದು, ಗೆಜ್ಜೆ ಕೇಳಿಸಿದರೂ. ಮೂರು ಕಡೆ ಜನರನ್ನು ಕೂರಿಸಿದರೆ ಸಾಲುಗಳು ಕಡಿಮೆಯಾಗುತ್ತವೆ. ಬೆಂಗಳೂರಿನ ರಂಗಶಂಕರದ ಮುಂಚಾಚಿದ ವೇದಿಕೆ ನೋಡಿಬನ್ನಿ. ಅದು ಒಳಾಂಗಣ, ಆದರೆ ಹತ್ತಿರದ ಲಾಭ ಅರ್ಥವಾಗುತ್ತದೆ.

ಎರಡಕ್ಕೂ ಒಂದೇ ಮಾತು: ಪ್ರೇಕ್ಷಕರ ಮುಖ ಪಡುವಣಕ್ಕೆ ಬೇಡ, ಸಂಜೆಯ ಬಿಸಿಲು ನೇರ ಕಣ್ಣಿಗೆ. ಉತ್ತರಕ್ಕೆ ಇದ್ದರೆ ಉತ್ತಮ.

ಸೈಟಿನಲ್ಲೇ ಇಳಿಜಾರಿದ್ದರೆ ಮೆಟ್ಟಿಲು. ಇಲ್ಲದಿದ್ದರೆ ಅಂಗಳವನ್ನೇ ಆರಿಸಿ, ಹಿಂದಿನ ಅಂಚಿಗೆ ಮೂರೇ ಮೂರು ಮೆಟ್ಟಿಲು ಸೇರಿಸಿ.