ಸವೆದ 1939ರ ರೂಪಾಯಿ ಅಗ್ಗಕ್ಕೆ ಸಿಗ್ತಿದೆಯಾ? ಮೊದಲು ಕೊನೆಯ ಅಂಕಿ ನೋಡಿ

ಹಳೆ ನಾಣ್ಯ ಕೂಡಿಡುವವರಲ್ಲಿ ನನ್ನಂಥವರೇ ಜಾಸ್ತಿ. ಹೊಸದರಂತೆ ಹೊಳೆಯುವ ನಾಣ್ಯಕ್ಕೆ ಕೊಡುವಷ್ಟು ದುಡ್ಡಿಲ್ಲ, ಆಸೆ ಮಾತ್ರ ಬಿಡೋದಿಲ್ಲ. ಹಾಗಾಗಿ ಸವೆದದ್ದನ್ನು ಹುಡುಕುತ್ತೇವೆ. ಅದರಲ್ಲಿ ತಪ್ಪೇನಿಲ್ಲ. ಸಂತೆ, ಅಂಗಡಿ, ಜೇಬು ಎಲ್ಲ ಸುತ್ತಿ ಬಂದ ನಾಣ್ಯ ನನಗೆ ಇವತ್ತಿಗೂ ಇಷ್ಟ. ಆದರೆ ಈಗ ಮೋಸಗಾರರು ನಮ್ಮಂಥವರನ್ನೇ ಗುರಿ ಮಾಡ್ತಿದ್ದಾರೆ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬ್ರಿಟಿಷ್ ಇಂಡಿಯಾದ ಬೆಳ್ಳಿ ರೂಪಾಯಿಗಳಲ್ಲಿ ಆರನೇ ಜಾರ್ಜ್ ದೊರೆಯ 1939ರ ರೂಪಾಯಿ ಬಲು ಅಪರೂಪ. 1938ರದ್ದು ಸುಲಭವಾಗಿ ಸಿಗುತ್ತದೆ. ಎರಡರ ಅಳತೆ ಒಂದೇ, ತೂಕ ಒಂದೇ, ಬೆಳ್ಳಿಯೂ ಒಂದೇ, ನೂರಕ್ಕೆ 91.7 ಭಾಗ. 1940ರಲ್ಲಿ ಬೆಳ್ಳಿ ಅರ್ಧಕ್ಕೆ ಇಳಿಯಿತು, ಅಂಚಿನ ಗೆರೆಗಳೂ ಬದಲಾದವು. 38ರದ್ದು ಮಾತ್ರ 39ರದ್ದರ ಹಾಗೇ ಇರುವುದರಿಂದ, ಅದರ ಕೊನೆಯ 8 ಅನ್ನು 9 ಮಾಡಿಬಿಟ್ಟರೆ ಮುಗೀತು. ನನಗೆ ಮಾರಿದ್ದು ಅಂಥದ್ದನ್ನೇ.

ಮಾರಿದವನು ಸಿಕ್ಕಿದ್ದು ಒಂದು ವಾಟ್ಸ್‌ಆ್ಯಪ್ ಗುಂಪಿನಲ್ಲಿ. "ನಮ್ಮ ಅಜ್ಜನ ಪೆಟ್ಟಿಗೇಲಿತ್ತು ಸರ್. ಸವೆದಿದೆ, ಅದಕ್ಕೇ ರೇಟು ಕಮ್ಮಿ ಹೇಳ್ತಿದೀನಿ" ಅಂದ. 12,000 ರೂಪಾಯಿಗೆ ಒಪ್ಪಿದ. ತಕ್ಕಡಿ ಮೇಲಿಟ್ಟು ಫೋಟೊ ಕಳಿಸಿದ, 11.4 ಗ್ರಾಂ. ಸವೆಯದ ಬೆಳ್ಳಿ ರೂಪಾಯಿ 11.66 ಗ್ರಾಂ ಇರುತ್ತದೆ, ಸವೆದದ್ದು ಸ್ವಲ್ಪ ಕಡಿಮೆ ತೂಗುವುದು ಸಹಜ. ಬೆಳ್ಳಿ ಪರೀಕ್ಷೆ ಮಾಡಿಸಿದ ಚೀಟಿಯನ್ನೂ ತೋರಿಸಿದ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾಣ್ಯ ಟಂಕಸಾಲೆಯದ್ದೇ, ಬೆಳ್ಳಿಯೂ ಸರಿ, ತೂಕವೂ ಸರಿ. ತೂಕ, ಬೆಳ್ಳಿ ಮಾತ್ರ ನೋಡಿದರೆ ಈ ಮೋಸ ಸಿಕ್ಕಿಬೀಳುವುದೇ ಇಲ್ಲ.

ಸಿಕ್ಕಿಬಿದ್ದದ್ದು ಭೂತಗನ್ನಡಿಯಲ್ಲಿ. 1939ರಲ್ಲಿ ಎರಡು 9 ಇವೆ, ಅಲ್ವಾ? ಎರಡನ್ನೂ ಪಕ್ಕಪಕ್ಕ ಹೋಲಿಸಿ ನೋಡಿ. ನನ್ನ ನಾಣ್ಯದಲ್ಲಿ ಮೊದಲ 9ರ ತಲೆ ದೊಡ್ಡದು, ಕೊನೆಯದರ ತಲೆ ಚಿಕ್ಕದು. ಯಾಕೆಂದರೆ ಅದು 8ರ ಮೇಲಿನ ಸೊನ್ನೆ. ಕೆಳಗಿನ ಸೊನ್ನೆಯ ಎಡಭಾಗವನ್ನು ಉಜ್ಜಿ ತೆಗೆದಿದ್ದರು. ಆ ಜಾಗದಲ್ಲಿ ನಾಣ್ಯದ ಮೈ ಒಂಚೂರು ತಗ್ಗು. ದೀಪವನ್ನು ಪಕ್ಕದಿಂದ ಹಿಡಿದಾಗ ಸಣ್ಣ ಸಣ್ಣ ಗೀರು ಕಂಡವು. ಸುತ್ತಲಿನ ಬೆಳ್ಳಿ ಮಾಸಲು ಬೂದು ಬಣ್ಣ, ಅಲ್ಲಿ ಮಾತ್ರ ಬೆಳ್ಳಗೆ. ಅವನು ಕಳಿಸಿದ್ದ ಫೋಟೊಗಳಲ್ಲಿ ಇಸವಿಯ ಮೇಲೆ ಪ್ರತಿಸಲವೂ ಬೆಳಕು ಪ್ರತಿಫಲಿಸುತ್ತಿತ್ತು. ಅದು ಆಕಸ್ಮಿಕ ಅಂತ ನಾನು ನಂಬುವುದಿಲ್ಲ.

ವಾಪಸ್ ಕೇಳಿದರೆ, "ಸವೆದ ನಾಣ್ಯ ಅಂತ ಮೊದಲೇ ಹೇಳಿದ್ದೆ, ನೀವು ಒಪ್ಪಿಯೇ ತಗೊಂಡ್ರಿ" ಎಂದು ನಂಬರ್ ಬ್ಲಾಕ್ ಮಾಡಿದ.

ಸವಕಲು ಇವರಿಗೆ ಒಳ್ಳೆಯ ಮರೆ. ಹೊಸ ನಾಣ್ಯದ ಮೈ ಮೇಲೆ ಉಜ್ಜಿದ ಗುರುತು ಎದ್ದು ಕಾಣುತ್ತದೆ, ಸವೆದದ್ದರಲ್ಲಿ ಸಾವಿರ ಗೀರುಗಳ ನಡುವೆ ಸೇರಿಹೋಗುತ್ತದೆ. ಎರಕ ಹೊಯ್ದ ನಕಲುಗಳನ್ನೂ ಹೀಗೇ ದಾಟಿಸುತ್ತಾರೆ. ಆದರೆ ನಿಜವಾದ ಸವಕಲಿಗೆ ಒಂದು ಕ್ರಮ ಇದೆ. ಉಬ್ಬಿದ ಭಾಗ ಮೊದಲು ಸವೆಯುತ್ತದೆ: ದೊರೆಯ ಕೆನ್ನೆ, ಹುಬ್ಬು, ಕಿರೀಟದ ಕೆತ್ತನೆ. ತಗ್ಗಿನಲ್ಲಿರುವ ಗೆರೆಗಳು ಕೊನೆವರೆಗೂ ಉಳಿಯುತ್ತವೆ. ಉಬ್ಬು ತಗ್ಗು ಎಲ್ಲವೂ ಒಂದೇ ಸಮ ಮಸುಕಾಗಿದ್ದು, ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳಿದ್ದರೆ ಅದು ಎರಕದ್ದಿರಬಹುದು. ಅಂಚನ್ನೂ ತಿರುಗಿಸಿ ನೋಡಿ, ಎರಡು ಅಚ್ಚು ಸೇರಿದ ಗೆರೆ ಕಾಣಬಹುದು.

ಕಡಿಮೆ ದುಡ್ಡಿಗೆ ಒಳ್ಳೆಯದೇ ಬೇಕೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ತಾಮ್ರದ ಕಾಸುಗಳನ್ನು ನೋಡಿ. ಒಂದು ಬದಿ ಆನೆ, ಇನ್ನೊಂದು ಬದಿ ಕನ್ನಡದಲ್ಲೇ "ಮಯಿಲಿ ಕಾಸು" ಅಂತ ಬರಹ. ಸವೆದಿದ್ದರೂ ಆನೆಯ ಬೆನ್ನು, ಎರಡು ಅಕ್ಷರ ಉಳಿದಿದ್ದರೆ ಗುರುತು ಸಿಗುತ್ತದೆ. ಆದರೆ ಹುಣಸೆಹಣ್ಣು ಹಾಕಿ ಉಜ್ಜಿ ಕೆಂಪಗೆ ಮಾಡಿದ್ದನ್ನು ಕೊಳ್ಳಬೇಡಿ. ನೀವೂ ಉಜ್ಜಬೇಡಿ, ಬೆಲೆಯೂ ಹೋಗುತ್ತದೆ, ಅಂದವೂ ಹೋಗುತ್ತದೆ.

1939ರದ್ದೇ ಬೇಕು ಅನ್ನುವವರು ಇಸವಿಯ ನೇರ ಫೋಟೊ ಕೇಳಿ, ಬೆಳಕು ಪಕ್ಕದಿಂದ ಬಿದ್ದದ್ದು. ಸುಮ್ನೆ ನೆಪ ಹೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ನಕಲಿ ಅಂತ ತಿಳಿದರೆ ದುಡ್ಡು ವಾಪಸ್ ಎಂದು ಬರಹದಲ್ಲಿ ಒಪ್ಪಿಸಿಕೊಂಡ ಮೇಲೇ ಹಣ ಹಾಕಿ. ಮೋಸ ಆಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಯ ದೂರು ತಗೊಳ್ಳುವ ಸಂಖ್ಯೆ ಅದು. ಮಾತುಕತೆ, ಪಾವತಿಯ ಸ್ಕ್ರೀನ್‌ಶಾಟ್ ಅಳಿಸಬೇಡಿ. ನನ್ನ ದೂರಿಗೂ ಈಗ ಆಧಾರ ಅವೇ.