ಜಪಾನಿನ ಸೂಪರ್ ಫ್ಯಾಮಿಕಾಂ, ದಾವಣಗೆರೆಯ ಮನೆಯಲ್ಲಿ ನಾಲ್ಕು ವರ್ಷ

ಜಪಾನಿನಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ಷಡ್ಡಕರು ನಾಲ್ಕು ವರ್ಷದ ಹಿಂದೆ ರಜೆಗೆ ಬಂದಾಗ ಸೂಪರ್ ಫ್ಯಾಮಿಕಾಂ ಅನ್ನುವ ಒಂದು ಹಳೇ ವಿಡಿಯೋ ಗೇಮ್ ಯಂತ್ರ ತಂದುಕೊಟ್ಟರು. ಯಂತ್ರ, ಎರಡು ರಿಮೋಟ್, ಆರು ಕ್ಯಾಸೆಟ್ ಸೇರಿ ನನಗೆ ಬಿದ್ದ ಖರ್ಚು ಸುಮಾರು 6,000 ರೂಪಾಯಿ. 1990ರ ನವೆಂಬರ್‌ನಲ್ಲಿ ನಿಂಟೆಂಡೊ ಇದನ್ನು ಅಲ್ಲಿ ಬಿಡುಗಡೆ ಮಾಡಿದಾಗ ಬೆಲೆ 25,000 ಯೆನ್ ಇತ್ತು. ನಾನು ಹುಡುಗನಾಗಿದ್ದಾಗ ನಿಟುವಳ್ಳಿಯಲ್ಲಿ ಆಡಿದ್ದೆಲ್ಲ ಅದಕ್ಕೂ ಹಿಂದಿನ 8 ಬಿಟ್ ಯಂತ್ರದ ನಕಲುಗಳು. ಅವನ್ನು ಟಿವಿ ಗೇಮ್ ಅನ್ನುತ್ತಿದ್ದೆವು. ಅಸಲಿ 16 ಬಿಟ್ ಯಂತ್ರ ಕೈಗೆ ಸಿಗಲು ನಲವತ್ತು ದಾಟಬೇಕಾಯಿತು.

ಈ ಯಂತ್ರ ತಾನಾಗಿ ಒಂದು ದಿನವೂ ಕೆಟ್ಟಿಲ್ಲ. ಕಷ್ಟ ಕೊಟ್ಟಿದ್ದೆಲ್ಲ ಅದರೊಳಗೆ ಹೋಗುವ ಕರೆಂಟು, ಅದರಿಂದ ಬರುವ ಚಿತ್ರ.

ಜೊತೆಗೆ ಬಂದ ಅಡಾಪ್ಟರ್ 100 ವೋಲ್ಟ್‌ನದು. ನಮ್ಮ ಗೋಡೆಯಲ್ಲಿರುವುದು 230. ಹಾಗೇ ಚುಚ್ಚಿದರೆ ಸುಡುತ್ತದೆ ಅಂತ ಗೊತ್ತಿತ್ತು. ಅದಕ್ಕೇ ಇಲ್ಲೇ ಒಂದು 9 ವೋಲ್ಟ್ ಅಡಾಪ್ಟರ್ ಕೊಂಡೆ. ಪಿನ್ ಸರಿಯಾಗಿಯೇ ಕೂತಿತು. ಸ್ವಿಚ್ ಹಾಕಿದೆ. ಕೆಂಪು ದೀಪ ಹತ್ತಲಿಲ್ಲ. ಈ ಯಂತ್ರಕ್ಕೆ ಪಿನ್ನಿನ ಒಳಗಡೆ ಮೈನಸ್, ಹೊರಗಡೆ ಪ್ಲಸ್ ಇರಬೇಕು. ಅಂಗಡಿಯಲ್ಲಿ ಸಿಗುವ ಅಡಾಪ್ಟರ್‌ಗಳು ಜಾಸ್ತಿ ಇದಕ್ಕೆ ಉಲ್ಟಾ. ನಾನು ಅದನ್ನು ನೋಡಿರಲಿಲ್ಲ.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಮಂಡಿಪೇಟೆ ಹತ್ತಿರ ಹಳೇ ರೇಡಿಯೋ, ಟಿವಿ ರಿಪೇರಿ ಮಾಡುವ ಹಿರಿಯರ ಬಳಿ ಒಯ್ದೆ. ಇದರ ಸ್ಕ್ರೂಗಳೇ ಬೇರೆ ತರ, 4.5 ಮಿಲಿಮೀಟರ್‌ನ ವಿಶೇಷ ಸ್ಕ್ರೂಡ್ರೈವರ್ ಬಿಟ್ ತರಿಸಿ ಬಿಚ್ಚಬೇಕಾಯಿತು. ಅವರು ಮೀಟರ್ ಇಟ್ಟು ನೋಡಿ, "ಗಾಬ್ರಿ ಆಗಬ್ಯಾಡ್ರಿ. ಫ್ಯೂಸ್ ಒಂದೇ ಹೋಗೈತಿ, ಬೋರ್ಡಿಗೆ ಏನೂ ಆಗಿಲ್ಲ" ಅಂದರು. ಬೋರ್ಡಿನ ಮೇಲಿನ 1.5 ಆಂಪ್‌ನ ಪುಟ್ಟ ಫ್ಯೂಸ್ ತಾನು ಸುಟ್ಟು ಉಳಿದದ್ದನ್ನು ಕಾಪಾಡಿತ್ತು. ಆಮೇಲೆ ಅವರೇ ಒಂದು ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಕೊಟ್ಟರು, 230ರಿಂದ 100ಕ್ಕೆ ಇಳಿಸುವುದು. ಅವತ್ತಿನಿಂದ ಜಪಾನಿನ ಅಡಾಪ್ಟರನ್ನೇ ಅದಕ್ಕೆ ಹಾಕುತ್ತಿದ್ದೇನೆ. ನಮ್ಮ ಕರೆಂಟು 50 ಹರ್ಟ್ಸ್ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅದರ ಚಿಂತೆ ಬೇಡ. ಟೋಕಿಯೋ ಕಡೆ 50 ಹರ್ಟ್ಸ್, ಒಸಾಕಾ ಕಡೆ 60. ಅಲ್ಲಿನ ಅಡಾಪ್ಟರ್ ಎರಡಕ್ಕೂ ಹೊಂದುತ್ತದೆ.

ಇನ್ನು ಟಿವಿ. ಹಾಲ್‌ನ ಎಲ್‌ಇಡಿ ಟಿವಿಗೆ ಹಳದಿ ವೈರ್ ಹಾಕಿದರೆ ಚಿತ್ರ ಬಂತು. ಆದರೆ ಆಡೋಕೆ ಆಗುವುದಿಲ್ಲ. ಬಟನ್ ಒತ್ತಿದ ಮೇಲೆ ಒಂದು ಚೂರು ತಡವಾಗಿ ಆಟದ ನಾಯಕ ಮಾರಿಯೋ ಹಾರುತ್ತಾನೆ. ಅಷ್ಟರಲ್ಲಿ ಗುಂಡಿಗೆ ಬಿದ್ದಿರುತ್ತಾನೆ. ಈ ಯಂತ್ರ ಕಳಿಸುವುದು 240 ಗೆರೆಯ ಚಿತ್ರ. ಹೊಸ ಟಿವಿಗಳಲ್ಲಿ ಬಹಳಷ್ಟು ಅದನ್ನು 480 ಗೆರೆಯ ಅರ್ಧ ಅಂದುಕೊಂಡು ಎರಡೆರಡು ಚಿತ್ರ ಹೊಲಿಯಲು ಹೋಗುತ್ತವೆ. ಏಟು ತಿಂದ ಮೇಲೆ ಮಾರಿಯೋ ಮಿಣಮಿಣ ಅನ್ನಬೇಕು, ಅಲ್ಲಿ ಮೈಯೆಲ್ಲ ಗೆರೆಗೆರೆಯಾಗಿ ಕಾಣುತ್ತಾನೆ.

ಅವ್ವನ ರೂಮಿನ ಹಳೇ ಟಿವಿಗೆ ಹಾಕಿದೆ. ಅದು ಬರೀ ಪಾಲ್, ಅಂದರೆ ನಮ್ಮ ದೇಶದ ಟಿವಿ ಪದ್ಧತಿಯದು. ಯಂತ್ರ ಜಪಾನಿನ ಎನ್‌ಟಿಎಸ್‌ಸಿ ಪದ್ಧತಿಯದು. ಬಣ್ಣವೇ ಇಲ್ಲ, ಚಿತ್ರ ಮೇಲಕ್ಕೆ ಉರುಳುತ್ತಿತ್ತು. ಯುರೋಪಿನ ಪಾಲ್ ಯಂತ್ರ ತರಿಸಿದ್ದರೆ ಈ ತಂಟೆ ಇರುತ್ತಿರಲಿಲ್ಲ. ಆದರೆ ಅದು ಸೆಕೆಂಡಿಗೆ 60ರ ಬದಲು 50 ಚಿತ್ರ ತೋರಿಸುತ್ತದೆ, ಎಷ್ಟೋ ಆಟಗಳು ಆರನೇ ಒಂದು ಪಾಲು ನಿಧಾನ. ನನಗೆ ಅದು ಬೇಡವಾಗಿತ್ತು. ಕೊನೆಗೆ ಮೆನುವಿನಲ್ಲಿ ಎನ್‌ಟಿಎಸ್‌ಸಿ ಇರುವ 21 ಇಂಚಿನ ಸೆಕೆಂಡ್ ಹ್ಯಾಂಡ್ ಪಿಕ್ಚರ್ ಟ್ಯೂಬ್ ಟಿವಿ ಸಿಕ್ಕಿತು. ಹಾಕಿದ ತಕ್ಷಣ ಬಣ್ಣ ಬಂತು. ಒತ್ತಿದ ಕ್ಷಣಕ್ಕೇ ಮಾರಿಯೋ ಹಾರಿದ. ಅವತ್ತು ನನ್ನ ಕಣ್ಣಲ್ಲಿ ನೀರು ಬಂದಿತ್ತು.

ಈಗ ಆ ಟಿವಿ ಅವ್ವನ ರೂಮಿನಲ್ಲೇ ಇದೆ. ರಿಮೋಟಿನ ಬಟನ್‌ಗಳು ಕೆಂಪು, ಹಳದಿ, ನೀಲಿ, ಹಸಿರು. ಅವ್ವನಿಗೆ ಆಡಲು ಬರುವುದಿಲ್ಲ. ಆದರೆ ಹಾರುವುದು ಹಳದಿ ಅಂತ ಗೊತ್ತು. ಮಂಚದ ಮೇಲೆ ಮಂಡಕ್ಕಿ ತಟ್ಟೆ ಇಟ್ಟುಕೊಂಡು, "ಹಳದಿ ಒತ್ತವ್ವಾ, ಹಳದಿ!" ಅಂತ ಮೊಮ್ಮಗಳಿಗೆ ಹೇಳುತ್ತಿರುತ್ತಾಳೆ.

ಕೊಳ್ಳುವವರು ಮರೆಯುವುದು ಕ್ಯಾಸೆಟ್‌ನೊಳಗಿನ ಬ್ಯಾಟರಿಯನ್ನು. ಆಟ ಸೇವ್ ಆಗುವ ಕ್ಯಾಸೆಟ್‌ಗಳಲ್ಲಿ ಸಾಮಾನ್ಯವಾಗಿ ಒಂದು ಬಟನ್ ಸೆಲ್ ಸೋಲ್ಡರ್ ಮಾಡಿರುತ್ತಾರೆ. ಅದು ಸತ್ತರೆ ಸೇವ್ ಹೋಯಿತು. ಸೂಪರ್ ಮಾರಿಯೋ ವರ್ಲ್ಡ್‌ನಲ್ಲಿ ಒಟ್ಟು 96 ದಾರಿಗಳಿವೆ. ನನ್ನ ಮಗಳು ಒಂದು ಬೇಸಿಗೆ ರಜೆ ಪೂರ್ತಿ ಕೂತು 96 ಮುಗಿಸಿದಳು. ಶಾಲೆ ಶುರುವಾದ ಮೇಲೆ ಒಂದು ಸಂಜೆ ಹಾಕಿದರೆ ಸೇವ್‌ನ ಮೂರೂ ಸಾಲು ಖಾಲಿ. ಅವಳು ಅಳಲಿಲ್ಲ, ಸುಮ್ನೆ ಎದ್ದು ಹೋದಳು. ನನಗೆ ಅದೇ ಜಾಸ್ತಿ ನೋವಾಯಿತು.

ಉಳಿದ ಕ್ಯಾಸೆಟ್‌ಗಳನ್ನು ಹಿಡಿದು ಅದೇ ಹಿರಿಯರ ಬಳಿ ಓಡಿದೆ. ಹಳೇ ಸೆಲ್ ಬಿಚ್ಚಿದರೂ ಸೇವ್ ಅಳಿಯುತ್ತದೆ. ಅವರು ಎರಡು ಪೆನ್ಸಿಲ್ ಸೆಲ್ ಜೋಡಿಸಿ 3 ವೋಲ್ಟ್ ಮಾಡಿ, ಪಕ್ಕದಿಂದ ವೈರ್ ಎಳೆದು ಬೋರ್ಡಿಗೆ ಜೀವ ಕೊಟ್ಟರು. ಹಾಗೆ ಹಿಡಿದುಕೊಂಡೇ ಹಳೇ ಸೆಲ್ ತೆಗೆದು ಹೊಸ ಸಿಆರ್2032 ಕೂರಿಸಿದರು. ಒಂದು ಸೇವ್ ಕೂಡ ಹೋಗಲಿಲ್ಲ. ಹೊಸ ಸೆಲ್ ಹಾಕಿದ ಮಾರಿಯೋದಲ್ಲಿ ಮಗಳು ಈಗ ಮತ್ತೆ 71ಕ್ಕೆ ಬಂದಿದ್ದಾಳೆ.

ತರಿಸುವವರಿಗೆ ಇನ್ನೆರಡು ಮಾತು. ಅಮೆರಿಕದ ಕ್ಯಾಸೆಟ್ ಕೊಳ್ಳಬೇಡಿ, ಆಕಾರವೇ ಬೇರೆ, ಬಾಯಿಗೆ ಹಿಡಿಯುವುದಿಲ್ಲ. ಜಪಾನಿ ಓದಲು ಬರದಿದ್ದರೆ ಮಾತು ಜಾಸ್ತಿ ಇರುವ ಕಥೆ ಆಟಗಳೂ ಬೇಡ. ನಮ್ಮ ಆರರಲ್ಲಿ ಅಂಥದ್ದೊಂದಿದೆ. ಅದನ್ನು ಒಂದು ಗಂಟೆಯೂ ಆಡಿಲ್ಲ. ಆದರೂ ಅದರ ಸೆಲ್ ಬದಲಾಯಿಸಬೇಕು, ಅದೊಂದೇ ಉಳಿದಿದೆ. ಹಿಂದೆ ಇದನ್ನು ಇಟ್ಟುಕೊಂಡಿದ್ದ ಯಾರೋ ಮಾಡಿದ ಸೇವ್ ಅದರಲ್ಲಿ ಇನ್ನೂ ಇದೆ. ಮಗಳು ಅದನ್ನು ಅಳಿಸಬಾರದು ಅನ್ನುತ್ತಾಳೆ. ಈ ಭಾನುವಾರ ಒಯ್ಯುತ್ತೇವೆ.